“ಅಜ್ಜಿ ಏನ್ ಮಾಡ್ತಿದ್ರು?”: ಜನಗಣತಿಗೆ ಬರುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜನಗಣತಿ ಅಧಿಕಾರಿಗಳಿಗೆ, ಮನೆ ಮನೆಗೆ ಬರಲಿರುವ ಮೇಷ್ಟ್ರು ಮತ್ತು ಟೀಚರ್‌ಗಳಿಗೆ, ಜನನ ಮರಣ ನೋಂದಣಿ ಮಾಡುವ ಎಲ್ಲರಿಗೆ,

ನಮಸ್ಕಾರ.

2022ರಲ್ಲಿ ನಮ್ಮ ಅಜ್ಜಿ ತೀರಿಕೊಂಡಳು. ಹತ್ತನೇ ದಿನ ನಾನು ಮರಣ ನೋಂದಣಿಗೆ ಹೋದೆ. 21 ದಿನದ ಒಳಗೆ ತಿಳಿಸಬೇಕು ಅನ್ನೋದು ಕಾನೂನು. ಮಾರನೇ ದಿನದ ತಿಥಿಗೆ ಸಾಮಾನು ತರಲು ಹೇಗೂ ಪೇಟೆಗೆ ಹೋಗಬೇಕಿತ್ತು, ಹಾಗೇ ಇದನ್ನೂ ಮುಗಿಸಿಬಿಡೋಣ ಅಂದುಕೊಂಡೆ. ಕಿಟಕಿಯ ಆಚೆ ಕೂತಿದ್ದವರು ಒಳ್ಳೆಯವರು. ಅರ್ಜಿಯನ್ನು ನನ್ನ ಕೈಗೆ ಕೊಡದೆ ತಾವೇ ಒಂದೊಂದಾಗಿ ಕೇಳಿ ತುಂಬಿಕೊಂಡರು. ಹೆಸರು, ವಯಸ್ಸು, ಊರು, ಧರ್ಮ. ಆಮೇಲೆ “ಉದ್ಯೋಗ?” ಅಂದರು.

“ಏನಿಲ್ಲ ಸರ್, ಮನೇಲೇ ಇದ್ರು” ಅಂದೆ.

ಅವರು “ಇಲ್ಲ” ಅಂತ ಬರೆದರು. ಅವರದೇನೂ ತಪ್ಪಿಲ್ಲ. ಉದ್ಯೋಗ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಿರಿ ಅಂತ ಆ ಅರ್ಜಿಯೇ ಹೇಳುತ್ತದೆ. ಮುಂದಿನ ಪ್ರಶ್ನೆಗಳು ಬೇರೆ ಥರದವು. ಬೀಡಿ ಸಿಗರೇಟು ಸೇದುತ್ತಿದ್ದರಾ? ಎಷ್ಟು ವರ್ಷದಿಂದ? ಹೊಗೆಸೊಪ್ಪು? ಅಡಿಕೆ ಜಗಿಯುತ್ತಿದ್ದರಾ? ಎಷ್ಟು ವರ್ಷದಿಂದ? ಅಡಿಕೆ ಅಂದ ಕೂಡಲೇ ನನಗೆ ಅವಳ ಎಲೆಅಡಿಕೆ ಚೀಲ ಕಣ್ಣಿಗೆ ಬಂತು. “ಅರವತ್ತು ವರ್ಷ ಆಗಿರಬೇಕು ಸರ್” ಅಂದೆ. ಅದನ್ನೂ ಬರೆದುಕೊಂಡರು.

ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. 86 ವರ್ಷ ಬದುಕಿದ ನಮ್ಮ ಅಜ್ಜಿಯ ಬಗ್ಗೆ ಸರ್ಕಾರಕ್ಕೆ ಈಗ ಗೊತ್ತಿರುವುದು ಇಷ್ಟು: ಕೆಲಸ ಇರಲಿಲ್ಲ, ಅಡಿಕೆ ಮಾತ್ರ ಅರವತ್ತು ವರ್ಷ ಜಗಿದಳು.

ಮಾರನೇ ದಿನ ತಿಥಿ. ಇನ್ನೂರೈವತ್ತು ಎಲೆ ಸಾಕು ಅಂತ ಅಡುಗೆಯವರಿಗೆ ಹೇಳಿದ್ದೆವು. ಮೂರನೇ ಪಂಕ್ತಿಗೇ ಎಲೆ ಮುಗಿಯಿತು. ದೊಡ್ಡಪ್ಪ ಬೈಕಲ್ಲಿ ಹೋಗಿ ಪೇಪರ್ ತಟ್ಟೆ ತಂದರು. ಅಕ್ಕಪಕ್ಕದ ಊರುಗಳಿಂದ ನಾನು ಮುಖ ನೋಡದ ಜನ ಬಂದಿದ್ದರು. ಗಡ್ಡ ಬಿಟ್ಟ ಒಬ್ಬ ಲಾರಿ ಡ್ರೈವರ್ ಫೋಟೋದ ಮುಂದೆ ಕೈಮುಗಿದು ತುಂಬ ಹೊತ್ತು ನಿಂತಿದ್ದ. ಅಜ್ಜಿ ಹೇಗೆ ಗೊತ್ತು ಅಂತ ಕೇಳಿದೆ. “ನನ್ನ ಹೊಕ್ಕುಳಬಳ್ಳಿ ಕೊಯ್ದಿದ್ದು ಇವರೇ ಅಲ್ವಾ” ಅಂದ.

ನಮ್ಮ ಅಜ್ಜಿ ಸೂಲಗಿತ್ತಿ. ಅವಳ ಅತ್ತೆಯಿಂದ ಕಲಿತದ್ದು. ರಾತ್ರಿ ಎಷ್ಟು ಹೊತ್ತಿಗೇ ಆಗಲಿ, ಲಾಟೀನು ಹಿಡಿದು ಯಾರಾದರೂ ಬಂದು “ಅವ್ವಾ, ನೋವು ಶುರುವಾಗದೆ” ಅಂದರೆ ಎದ್ದು ಹೊರಡುತ್ತಿದ್ದಳು. ಒಂದು ಬಟ್ಟೆ ಚೀಲ ಗೂಟದಲ್ಲಿ ಸದಾ ತಯಾರಾಗಿ ನೇತಾಡುತ್ತಿತ್ತು. ಅದರಲ್ಲಿ ಹರಳೆಣ್ಣೆ ಬಾಟಲಿ, ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಸೀರೆಯ ತುಂಡುಗಳು, ಗಟ್ಟಿ ನೂಲು, ಕಾಗದ ಬಿಚ್ಚದ ಬ್ಲೇಡು. ಬ್ಲೇಡು ಹೊಸದೇ ಆಗಬೇಕು, ಆದರೂ ಅದು ನೀರಿನಲ್ಲಿ ಕುದಿಯಲೇಬೇಕು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಆ ಮನೆಯವರು ಎಷ್ಟೇ ಅವಸರ ಮಾಡಲಿ, ನೀರು ಕುದಿ ಬರುವ ತನಕ ಅವಳು ಆ ಬ್ಲೇಡು ಮುಟ್ಟುತ್ತಿರಲಿಲ್ಲ.

ದುಡ್ಡು ತಗೊಂಡವಳಲ್ಲ. ಎಲೆ ಅಡಿಕೆ, ಒಂದು ರವಿಕೆ ಕಣ ಕೊಟ್ಟರೆ ಸರಿ. ಆ ಕಣವನ್ನೂ ಹೊಲಿಸಿಕೊಳ್ಳುತ್ತಿರಲಿಲ್ಲ. ಮುಂದಿನ ಬಾಣಂತಿ ಬಡವಳಾದರೆ ಅದು ಅವಳ ಮಡಿಲಿಗೆ ಹೋಗುತ್ತಿತ್ತು. ಹೀಗೆ ಒಂದೇ ಕಣ ಊರೆಲ್ಲ ಸುತ್ತಿ ವಾಪಸ್ ನಮ್ಮ ಮನೆಗೇ ಬಂದದ್ದೂ ಇದೆಯಂತೆ.

ಒಟ್ಟು ಎಷ್ಟು ಹೆರಿಗೆ ಮಾಡಿಸಿದೀಯ ಅಂತ ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಬೈದಳು. “ಮಕ್ಕಳನ್ನ ಎಣಿಸಬಾರದು ಕಣೇ, ದೃಷ್ಟಿ ಆಗ್ತದೆ.” ಎಣಿಸುವುದೇ ಕೆಲಸವಾಗಿರುವ ನಿಮಗೆ ಇದನ್ನು ಬರೆಯುವಾಗ ನನಗೆ ಸ್ವಲ್ಪ ನಗು ಬರುತ್ತಿದೆ. ಅವಳ ಲೆಕ್ಕ ಅವಳ ಹತ್ತಿರವೂ ಇರಲಿಲ್ಲ, ನಿಮ್ಮ ಹತ್ತಿರವೂ ಇಲ್ಲ. ನನಗೆ ಸಿಕ್ಕಿದ್ದು ತಿಥಿಯ ದಿನ ಸಾಲದೆ ಹೋದ ಎಲೆಯ ಲೆಕ್ಕ ಒಂದೇ.

ದೇವರ ವಿಷಯದಲ್ಲಿ ಬಹಳ ಗಟ್ಟಿ. ಮಂಗಳವಾರ, ಶುಕ್ರವಾರ ಮಾರಮ್ಮನ ಗುಡಿಯ ಮುಂದೆ ಕಸ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವುದು ಅವಳ ಪಾಲು. ಯಾರೂ ವಹಿಸಿದ್ದಲ್ಲ, ತಾನೇ ಹಿಡಿದದ್ದು. ಆದರೆ ಹೆರಿಗೆಗೆ ಮಾತ್ರ ಜಾತಿ ಕೇರಿ ನೋಡದೆ ಹೋಗುತ್ತಿದ್ದಳು. ಮೈಲಿಗೆ ಮಾಡಿಕೊಂಡು ಗುಡಿಗೆ ಬರ್ತಾಳೆ ಅಂತ ಒಂದಷ್ಟು ಜನ ತಕರಾರು ತೆಗೆದರಂತೆ. “ಮಗು ಹುಟ್ಟಿದ್ದು ಮೈಲಿಗೆ ಆದರೆ, ಹುಟ್ಟಿಸೋದನ್ನ ಅವಳೇ ನಿಲ್ಲಿಸ್ಲಿ” ಅಂತ ಮಾರಮ್ಮನ ಕಡೆ ಕೈ ತೋರಿಸಿದಳಂತೆ. ಸ್ನಾನ ಮಾಡಿ ಬಂದು ಮತ್ತೆ ಪೊರಕೆ ಹಿಡಿದಳು. ಆಮೇಲೆ ಯಾರೂ ಮಾತಾಡಲಿಲ್ಲ. ಗುಡಿ ಗುಡಿಸುವವರು ಬೇರೆ ಯಾರೂ ಇರಲಿಲ್ಲ ಅನ್ನೋದೂ ಒಂದು ಕಾರಣ ಇರಬಹುದು.

ಎಲ್ಲವೂ ಚೆನ್ನಾಗೇ ಆಯಿತು ಅಂತ ಹೇಳಲಾರೆ. ಒಬ್ಬ ಹೆಂಗಸು ಹೆತ್ತ ಮೇಲೆ ರಕ್ತ ನಿಲ್ಲದೆ ಅಜ್ಜಿಯ ಕೈಯಲ್ಲೇ ಹೋದಳು. ಎಷ್ಟೋ ದಿನ ಅಜ್ಜಿ ಸರಿಯಾಗಿ ಉಣ್ಣಲಿಲ್ಲ ಅಂತ ಅಮ್ಮ ಹೇಳುತ್ತಾಳೆ. ಅದಾದ ಮೇಲೆ ಸಣ್ಣ ಅನುಮಾನ ಬಂದರೂ ಆಸ್ಪತ್ರೆಗೆ ಕಳಿಸುತ್ತಿದ್ದಳು. ಆಶಾ ಕಾರ್ಯಕರ್ತೆಯರು ಬಂದ ಮೇಲಂತೂ ಬಸುರಿಯ ಜೊತೆ ತಾನೇ ಆಟೋ ಹತ್ತುತ್ತಿದ್ದಳು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತಿವೆ. ತನ್ನ ಕೆಲಸ ಹೋಯಿತು ಅಂತ ಅವಳಿಗೆ ಬೇಸರ ಇರಲಿಲ್ಲ. “ಒಳ್ಳೇದಾಯ್ತು ಬಿಡು, ನಂಗೂ ರಾತ್ರಿ ನಿದ್ದೆ ಸಿಗ್ತದೆ” ಅಂದಿದ್ದಳು.

2018ರಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅವರಿಗೆ ಪದ್ಮಶ್ರೀ ಬಂತು. 15 ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದ ತಾಯಿ ಅವರು. ಟಿವಿಯಲ್ಲಿ ಅವರನ್ನು ತೋರಿಸಿದಾಗ ಅಜ್ಜಿ “ನೋಡ್ರೇ, ನಮ್ಮೋಳು” ಅಂತ ಎಲ್ಲರನ್ನೂ ಕರೆದಳು. ಅದೇ ವರ್ಷ ಡಿಸೆಂಬರ್ 25ರಂದು ನರಸಮ್ಮ ತೀರಿಕೊಂಡ ಸುದ್ದಿ ಬಂದಾಗ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದಳು.

ಆದರೆ ನಾನು ಪ್ರಶಸ್ತಿ ಕೇಳಲು ಈ ಪತ್ರ ಬರೆಯುತ್ತಿಲ್ಲ. ಹೆರಿಗೆ ಮಾಡಿಸಿದ್ದು ಸೇವೆ, ಅದಕ್ಕೆ ಕೂಲಿ ಪಡೆದಿಲ್ಲ, ಆದ್ದರಿಂದ ಅದು ದುಡಿಮೆಯ ಲೆಕ್ಕಕ್ಕೆ ಬರುವುದಿಲ್ಲ ಅಂತ ನೀವು ಹೇಳಬಹುದು. ಸರಿ, ಅದನ್ನು ಬಿಡೋಣ. ಹಸುವಿನ ವಿಷಯ ಮಾತಾಡೋಣ.

2011ರ ಫೆಬ್ರುವರಿ. ಕಾಲೇಜಿಗೆ ರಜೆ ಇತ್ತು, ಊರಿಗೆ ಹೋಗಿದ್ದೆ. ಸಂಜೆ ಹೊತ್ತು. ಗಣತಿಗೆ ಬಂದ ಮೇಷ್ಟ್ರು ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದರು. ಪಾಪ, ಪಾಠ ಮುಗಿಸಿ ಬಂದಿದ್ದರು, ಇನ್ನೂ ಎಷ್ಟು ಮನೆ ಬಾಕಿ ಇತ್ತೋ. ದೊಡ್ಡಪ್ಪ ಕಂಬಕ್ಕೆ ಒರಗಿಕೊಂಡು ಉತ್ತರ ಹೇಳುತ್ತಿದ್ದರು.

“ತಾಯಿಯವರು ಏನ್ ಮಾಡ್ತಾರೆ?”

“ಏನ್ ಮಾಡ್ತಾರೆ ಸರ್, ವಯಸ್ಸಾಯ್ತು. ಮನೇಲಿರ್ತಾರೆ.”

ಆಗ ಅಜ್ಜಿ ಹಿಂದಿನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಸದ್ದು ಜಗಲಿಗೆ ಕೇಳುತ್ತಿತ್ತು. ಮೊದಮೊದಲು ಖಾಲಿ ಪಾತ್ರೆಯ ತಳಕ್ಕೆ ಚುರ್ ಚುರ್ ಅಂತ ಗಟ್ಟಿಯಾಗಿ. ಹಾಲು ಏರುತ್ತಾ ಬಂದ ಹಾಗೆ ನೊರೆಯೊಳಗೆ ಮೆತ್ತಗೆ. ಆ ಸದ್ದು ನಿಲ್ಲುವ ಮೊದಲೇ ಮೇಷ್ಟ್ರು ಅಜ್ಜಿಯ ಸಾಲು ಮುಗಿಸಿ ಮುಂದಿನ ಹೆಸರಿಗೆ ಹೋಗಿದ್ದರು.

ಆಗ ಅವಳಿಗೆ ಎಪ್ಪತ್ತೈದು. ಎರಡು ಹಸು, ಒಂದು ಎಮ್ಮೆ. ನಾಲ್ಕೂವರೆಗೆ ಎದ್ದು ಸಗಣಿ ಬಾಚಬೇಕು, ಹುಲ್ಲು ಹಾಕಬೇಕು, ನೀರು ಕುಡಿಸಬೇಕು, ಹಾಲು ಕರೆದು ಆರೂವರೆ ಒಳಗೆ ಡೈರಿಗೆ ಹಾಕಬೇಕು. ಮಧ್ಯಾಹ್ನ ಬದುವಿನ ಮೇಲೆ ಹುಲ್ಲು ಕೊಯ್ಯಬೇಕು. ಸಂಜೆ ಮತ್ತೆ ಅದೇ. ಡೈರಿಯಲ್ಲಿ ಡಿಗ್ರಿ ನೋಡಿ ಲೀಟರಿನ ಲೆಕ್ಕ ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಪುಸ್ತಕ ಇದ್ದದ್ದು ದೊಡ್ಡಪ್ಪನ ಹೆಸರಲ್ಲಿ. ಬಟವಾಡೆಯೂ ಅವರಿಗೇ. ದೊಡ್ಡಪ್ಪ ಕೆಟ್ಟವರೇನಲ್ಲ, ಅಮ್ಮನ ಔಷಧಿಗೆ ಯಾವತ್ತೂ ಕಮ್ಮಿ ಮಾಡಿದವರಲ್ಲ. ಆದರೆ ಅವರನ್ನು ಎಬ್ಬಿಸಿ ಕೇಳಿದರೂ ಹಾಲು ಕರೆಯೋದು ಕೆಲಸ ಅಂತ ಅವರಿಗೆ ಹೊಳೆಯುವುದಿಲ್ಲ.

ನನಗೆ ಬೇಜಾರು ತಂದದ್ದು ಆಮೇಲೆ ತಿಳಿದ ವಿಷಯ. ಗಣತಿಯ ನಿಯಮ ನಮ್ಮ ಅಜ್ಜಿಯ ಪರವಾಗೇ ಇತ್ತು! ಬೇಸಾಯ ಮಾಡಿದರೆ ಅಥವಾ ಹಾಲು ಉತ್ಪಾದಿಸಿದರೆ, ಅದು ಮನೆ ಬಳಕೆಗೆ ಮಾತ್ರವಾದರೂ ಅವರನ್ನು ಕೆಲಸಗಾರರು ಅಂತಲೇ ಎಣಿಸಬೇಕು. 2001ರ ಗಣತಿಯಲ್ಲೂ ಹೀಗೇ ಇತ್ತು, 2011ರಲ್ಲೂ ಹೀಗೇ ಇತ್ತು. 1991ರಲ್ಲೇ ಕೆಲಸದ ಪ್ರಶ್ನೆಗೆ ‘ಹೊಲದಲ್ಲಿ ಅಥವಾ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ಮಾಡಿದ ಕೆಲಸವೂ ಸೇರಿ’ ಅನ್ನುವ ಅರ್ಥದ ಮಾತು ಸೇರಿಸಿದ್ದರು. ವರ್ಷದಲ್ಲಿ ಆರು ತಿಂಗಳು ದುಡಿದರೆ ಮುಖ್ಯ ಕೆಲಸಗಾರರು. ಅಜ್ಜಿಗೆ ಹನ್ನೆರಡು ತಿಂಗಳಲ್ಲಿ ಒಂದು ದಿನವೂ ರಜೆ ಇರಲಿಲ್ಲ. ಹಸುವಿಗೆ ಭಾನುವಾರ ಇಲ್ಲ ನೋಡಿ.

ನಿಯಮ ಸರಿಯಾಗಿಯೇ ಇತ್ತು. ಪ್ರಶ್ನೆಯನ್ನು ಜಗಲಿಯಲ್ಲೇ ಕೇಳಿ ಮುಗಿಸಿದ್ದರಿಂದ ಎಡವಟ್ಟಾಯಿತು. ಮತ್ತೆ, ಅಲ್ಲೇ ಕೂತಿದ್ದ ನಾನು ಬಾಯಿ ಬಿಡಲಿಲ್ಲ. ಹನ್ನೊಂದು ವರ್ಷ ಆದಮೇಲೆ ಕಿಟಕಿಯ ಮುಂದೆ ನಿಂತು ದೊಡ್ಡಪ್ಪ ಹೇಳಿದ್ದನ್ನೇ ನಾನೂ ಹೇಳಿ ಬಂದೆ.

ಇದು ನಮ್ಮ ಒಂದು ಮನೆಯ ಕತೆ ಅಂತ ತಳ್ಳಿಹಾಕಬೇಡಿ. 2011ರ ಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಅಂತ ದಾಖಲಾದ ಹೆಂಗಸರು ಸುಮಾರು 15.98 ಕೋಟಿ. ಗಂಡಸರು ಸುಮಾರು 57.9 ಲಕ್ಷ. 2021ರ ಜನವರಿಯ ಒಂದು ಅಪಘಾತ ಪರಿಹಾರದ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಈ ಅಂಕಿಗಳನ್ನು ಕೊಟ್ಟಿದೆ. ಆ 15.98 ಕೋಟಿಯಲ್ಲಿ ನಮ್ಮ ಅಜ್ಜಿಯೂ ಒಬ್ಬಳು ಇರಬೇಕು. ಅವರಲ್ಲಿ ಇನ್ನೆಷ್ಟು ಜನ ಆ ಹೊತ್ತಲ್ಲಿ ಕೊಟ್ಟಿಗೆಯಲ್ಲಿದ್ದರೋ, ಗದ್ದೆಯಲ್ಲಿದ್ದರೋ. 2010ರ ಇನ್ನೊಂದು ತೀರ್ಪಿನಲ್ಲಿ ಅದೇ ಕೋರ್ಟು, 2001ರ ಗಣತಿಯು ಮನೆ ನೋಡಿಕೊಳ್ಳುವ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆ ‘ಕೆಲಸ ಮಾಡದವರು’ ಅನ್ನುವ ಗುಂಪಿಗೆ ಹಾಕಿದ್ದನ್ನು ಎತ್ತಿ ಟೀಕಿಸಿತ್ತು.

ಸರ್ಕಾರಕ್ಕೆ ಕಣ್ಣೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲೇ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನವನ್ನು ಗಂಟೆ ಲೆಕ್ಕದಲ್ಲಿ ಬಿಡಿಸಿ ತೋರಿಸಿದ್ದರು. ಕೊನೆಗೆ 2019ರಲ್ಲಿ ಸರ್ಕಾರವೇ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಬೆಳಗಿನ ಜಾವ ನಾಲ್ಕರಿಂದ ಮಾರನೇ ಬೆಳಗಿನ ನಾಲ್ಕರವರೆಗೆ ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಅಂತ ಕೇಳುವ ಸಮೀಕ್ಷೆ ಅದು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡಿದೆವು ಅಂದವರ ಸರಾಸರಿಯಲ್ಲಿ, ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದು 289 ಆಗಿತ್ತು. ಹತ್ತು ನಿಮಿಷ ಉಳಿಯಿತಲ್ಲ ಅಂತ ಖುಷಿಪಡುವಷ್ಟರಲ್ಲಿ ಗಂಡಸರದು 88ಕ್ಕೆ ಇಳಿದದ್ದೂ ಕಂಡಿತು.

ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಇದೆ. ಯಜಮಾನಿ ಅಂತ ಒಂದು ಕಡತ ಒಪ್ಪಿಕೊಳ್ಳುತ್ತದೆ, ಕೆಲಸವಿಲ್ಲದವಳು ಅಂತ ಇನ್ನೊಂದು ಕಡತ ಹೇಳುತ್ತದೆ. ಹೀಗೂ ಉಂಟಾ?

ಮರಣದ ಅರ್ಜಿಯ ಬಗ್ಗೆ ಇನ್ನೂ ಒಂದು ಮಾತಿದೆ. ಅಜ್ಜಿ ಹೋಗಿದ್ದು ಉಬ್ಬಸದಿಂದ. ಕೊನೆಯ ಮೂರು ವರ್ಷ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ದಿಂಬು ಇಟ್ಟು ಕೂತೇ ನಿದ್ದೆ ಮಾಡುತ್ತಿದ್ದಳು. ಡಾಕ್ಟರು ಮೊದಲು ಕೇಳಿದ್ದು “ಬೀಡಿ ಸೇದ್ತಿದ್ರಾ?” ಅಂತ. ಇಲ್ಲ ಅಂದೆವು. “ಹಾಗಾದ್ರೆ ಸೌದೆ ಒಲೆ” ಅಂದರು. ಅಷ್ಟೊಂದು ವರ್ಷ ಹಸಿ ಸೌದೆ ಊದುಗೊಳವೆಯಲ್ಲಿ ಊದಿದ ಎದೆ ಅದು. ಅರ್ಜಿಯಲ್ಲಿ ಧೂಮಪಾನ ಇಲ್ಲ, ಉದ್ಯೋಗ ಇಲ್ಲ. ಹಾಗಿದ್ದ ಮೇಲೆ ಆ ಹೊಗೆ ಎಲ್ಲಿಂದ ಬಂತು ಅಂತ ಅಂಕಿ ಅಂಶ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಗಣಿಯಲ್ಲಿ ದುಡಿದವನ ಎದೆ ಕೆಟ್ಟರೆ ಉದ್ಯೋಗದ ಕಾಲಮ್ಮು ನೋಡಿ ಕಾರಣ ಹುಡುಕಬಹುದು. ಅಡುಗೆಮನೆಯಲ್ಲಿ ದುಡಿದವಳಿಗೆ ಆ ದಾರಿಯೂ ಮುಚ್ಚಿದೆ. ಗೌರವದ ಮಾತು ಹಾಗಿರಲಿ, ಲೆಕ್ಕದ ದೃಷ್ಟಿಯಿಂದಲೇ ಇದು ತಪ್ಪು ಲೆಕ್ಕ.

ಜನಗಣತಿಯೂ ಜನನ ಮರಣದ ನೋಂದಣಿಯೂ ಕೊನೆಗೆ ಹೋಗಿ ಸೇರುವುದು ರಿಜಿಸ್ಟ್ರಾರ್ ಜನರಲ್ ಅವರ ಒಂದೇ ಕಚೇರಿಗೆ. ಅದಕ್ಕೇ ಎರಡೂ ಕೋರಿಕೆಯನ್ನು ಒಂದೇ ಪತ್ರದಲ್ಲಿ ಇಡುತ್ತಿದ್ದೇನೆ.

ಮರಣದ ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆಯಿರಿ ಅನ್ನುವ ಸೂಚನೆಯನ್ನು ತೆಗೆಯಿರಿ. ಅದರ ಬದಲು, ತೀರಿಕೊಂಡವರು ಬದುಕಿನಲ್ಲಿ ಹೆಚ್ಚು ಕಾಲ ಯಾವ ಕೆಲಸ ಮಾಡಿದರು ಅಂತ ಕೇಳಿ. ಮನೆಗೆಲಸ, ದನ ಸಾಕಣೆ, ಹೊಲದ ಕೆಲಸ, ಏನಿದೆಯೋ ಅದು ಬರಲಿ. ಕಿಟಕಿಯ ಆಚೆ ಕೂತವರು ಒಂದು ನಿಮಿಷ ಜಾಸ್ತಿ ಕೊಡಬೇಕಾಗುತ್ತದೆ, ಅಷ್ಟೇ.

ಗಣತಿಗೆ ಬರುವ ಮೇಷ್ಟ್ರೇ, ಟೀಚರೇ, ಇನ್ನು ನಿಮ್ಮ ಹತ್ತಿರ ಕೇಳಿಕೊಳ್ಳುತ್ತೇನೆ. 2027ರ ಫೆಬ್ರುವರಿಯಲ್ಲಿ ಜನರನ್ನು ಎಣಿಸಲು ಬರುತ್ತೀರಿ. ಈ ಸಲ ಜಾತಿಯನ್ನೂ ಕೇಳುತ್ತೀರಿ ಅಂತ ಊರಿನ ಕಟ್ಟೆಯಿಂದ ಟಿವಿಯವರೆಗೆ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಿದ್ದಾರೆ. ಕೆಲಸದ ಕಾಲಮ್ಮಿನ ಬಗ್ಗೆ ಯಾರೂ ಸೊಲ್ಲೆತ್ತುತ್ತಿಲ್ಲ. ದಯವಿಟ್ಟು ಆ ಒಂದು ಪ್ರಶ್ನೆಯನ್ನು ಹೆಂಗಸರನ್ನೇ ಕರೆದು ಕೇಳಿ. “ಏನ್ ಮಾಡ್ತೀರಿ?” ಅಂದರೆ ಅವರೂ “ಏನಿಲ್ಲ” ಅಂತಲೇ ಅನ್ನುತ್ತಾರೆ, ನಮ್ಮ ಅಜ್ಜಿಯೂ ಹಾಗೇ ಅನ್ನುತ್ತಿದ್ದಳೋ ಏನೋ. ಅದಕ್ಕೇ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಕೇಳಿ. ದನ ಇದೆಯಾ? ಹಾಲು ಕರೆಯೋದು ಯಾರು? ಕಳೆ ಕೀಳೋಕೆ ಹೋಗ್ತೀರಾ? ಕೋಳಿ, ಕುರಿ ನೋಡಿಕೊಳ್ಳೋದು ಯಾರು? ಇಷ್ಟು ಕೇಳಿದರೆ ಉತ್ತರ ತಾನಾಗಿಯೇ ಬರುತ್ತದೆ. ತರಬೇತಿ ಕೊಡುವ ಅಧಿಕಾರಿಗಳು ಮೊಬೈಲ್ ಆ್ಯಪ್ ಬಳಸೋದನ್ನು ಹೇಳಿಕೊಡುವ ದಿನವೇ ಇದಕ್ಕೂ ಅರ್ಧ ಗಂಟೆ ಇಡಲಿ.

ಈ ಸಲ ಮನೆಯವರೇ ಆನ್‌ಲೈನಿನಲ್ಲಿ ತುಂಬುವ ಅವಕಾಶವೂ ಇದೆಯಂತೆ. ಅಂದರೆ ಹೆಚ್ಚಿನ ಮನೆಗಳಲ್ಲಿ ಮೊಬೈಲ್ ಹಿಡಿದು ಕೂರುವವರು ನನ್ನಂಥ ಮೊಮ್ಮಕ್ಕಳು. ಆಗ ದೂರಲು ಮೇಷ್ಟ್ರೂ ಸಿಗುವುದಿಲ್ಲ. ನೀವು ಆ ಪರದೆಯ ಮೇಲೆ, ಕೆಲಸದ ಪ್ರಶ್ನೆಯ ಕೆಳಗೆ, ಹಾಲು ಕರೆಯೋದೂ ಕೆಲಸ ಅಂತ ಎರಡು ಸಾಲು ದಪ್ಪ ಅಕ್ಷರದಲ್ಲಿ ಹಾಕಿಸಿದರೆ ಉಪಕಾರವಾಗುತ್ತದೆ. ನಮಗೂ ನೆನಪಿಸುವವರು ಬೇಕು.

ನಮ್ಮ ಮನೆಯಲ್ಲಿ ಈಗ ಹಸು ನೋಡಿಕೊಳ್ಳುತ್ತಿರುವವರು ದೊಡ್ಡಮ್ಮ. ಅಜ್ಜಿಯ ಎಮ್ಮೆಯನ್ನು ಮಾರಿದೆವು, ಹಸು ಮೂರಾಗಿವೆ. ಡೈರಿ ಪುಸ್ತಕ ಇನ್ನೂ ದೊಡ್ಡಪ್ಪನ ಹೆಸರಲ್ಲೇ ಇದೆ, ಅದರ ಜಗಳ ನಡೆಯುತ್ತಿದೆ. ದೊಡ್ಡಮ್ಮ ಬೆಳಗ್ಗೆ ಡೈರಿಗೆ ಹೋಗಿರ್ತಾರೆ, ಎಂಟರ ಮೇಲೆ ಬನ್ನಿ. ಜಗಲಿಯಲ್ಲಿ ದೊಡ್ಡಪ್ಪ ಪೇಪರ್ ಓದುತ್ತಾ ಕೂತಿರ್ತಾರೆ, ಕೂತ್ಕೊಳ್ಳಿ ಅಂತಾರೆ. ಕೂರಬೇಡಿ. ಮನೆಯ ಎಡಗಡೆ ಓಣಿಯಲ್ಲಿ ಹಾದರೆ ನೇರ ಕೊಟ್ಟಿಗೆಗೆ ದಾರಿ ಇದೆ. ನಾಯಿ ಕಟ್ಟಿ ಹಾಕಿರ್ತೀವಿ.

ಇಂತಿ ವಿಶ್ವಾಸದ,
ಸೂಲಗಿತ್ತಿಯ ಮೊಮ್ಮಗಳು